ಕೆಂಗೇರಿ ತಂಡದ ಗೋಲ್‌ಕೀಪರ್

ಕೆಂಗೇರಿ ಫುಟ್‌ಬಾಲ್ ತಂಡದ ಚರಿತ್ರೆಯೆಂದರೆ ಸೆಕ್ರೆಟರಿ ಗುರುಬಸಪ್ಪನವರ ಬಾಯಿ. ಸೋಮವಾರ ಬೆಳಗಿನ ರೈಲಿನಲ್ಲಿ ಮೈಕೈ ನೋವಿನಿಂದ ತೂಕಡಿಸುವ ಗುಮಾಸ್ತ ಮುನಿರಾಜುವಿನ ಪಕ್ಕದಲ್ಲೇ ಅವರು ಕೂರುವುದು. ಮುನಿರಾಜುವಿನ ಕೈಯಲ್ಲಿ ಆಫೀಸಿನಲ್ಲಿ ಫೈಲು ನಿಲ್ಲದು, ಮೈದಾನದಲ್ಲಿ ಚೆಂಡು ನಿಲ್ಲದು. ಆದರೂ ಬೇರೆ ಗತಿಯಿಲ್ಲದ ತಂಡಕ್ಕೆ ಅವನೇ ಗೋಲ್‌ಕೀಪರ್. ಗುರುಬಸಪ್ಪನವರು ಎಲೆಅಡಿಕೆ ಹಾಕಿಕೊಂಡು "ನಲವತ್ತೆಂಟರಲ್ಲಿ ಏನಾಯ್ತು ಅಂದ್ರೆ..." ಎಂದು ಶುರು ಮಾಡಿದರೆ, ಸಿಟಿ ಸ್ಟೇಷನ್ ಬಂದರೂ ಕಥೆ ಐವತ್ತೊಂದನೇ ಇಸವಿಯನ್ನು ಮುಟ್ಟುವುದಿಲ್ಲ. ಅಂದಿನ ಐದು ಗೋಲಿನ ಸೋಲು ಅವರ ಬಾಯಲ್ಲಿ ವರ್ಷಕ್ಕೊಂದರಂತೆ ಕರಗಿ ಈಗ ಎರಡಕ್ಕೆ ಇಳಿದಿದೆ. ಇನ್ನು ಮೂರು ವರ್ಷ ತಾಳಿದರೆ ನಾವೇ ಗೆದ್ದಿರುತ್ತೇವೆ ಎಂದು ಹುಡುಗರು ಆಡಿಕೊಳ್ಳುತ್ತಾರೆ. ಯಾವ ಸೋಲಿಗೂ ಕಾರಣ ಮಾತ್ರ ಬದಲಾಗದು: "ಚೆಂಡು ಬಿಟ್ಟವನು ನಾನೇ ಕಣಯ್ಯಾ." ಆಟಗಾರರಿಗೆ ನೀರಿನ ಕೊಡ ಹೊತ್ತು ತರುವುದು ಬಿಟ್ಟರೆ ಅವರು ಮೈದಾನಕ್ಕೆ ಕಾಲಿಟ್ಟದ್ದನ್ನು ಯಾರೂ ಕಂಡಿಲ್ಲ. ಈ ಸುಳ್ಳಿಗೆ ಮುನಿರಾಜು ನಾಲ್ಕು ವರ್ಷ ಒಳಗೊಳಗೇ ನಕ್ಕಿದ್ದ. ಮೊನ್ನೆ ಭಾನುವಾರ ಫೈನಲ್ಲಿನಲ್ಲಿ ಚೆಂಡು ಅವನದೇ ಕಾಲ ಸಂದಿಯಲ್ಲಿ ನುಸುಳಿ ಗೋಲಾಯಿತು, ಕಪ್ ಕೈತಪ್ಪಿತು. ಮರುದಿನ ರೈಲಿನಲ್ಲಿ ಅವನು ಮುಖ ಮರೆಸಿಕೊಂಡು ದೂರದ ಮೂಲೆಯಲ್ಲಿ ಕೂತ. ಪಾಳಿಯ ಕೆಲಸದಿಂದಾಗಿ ಪಂದ್ಯಕ್ಕೆ ಬಾರದಿದ್ದ ಸಹಪ್ರಯಾಣಿಕ ದೊಡ್ಡಣ್ಣ ಎಲ್ಲರಿಗೂ ಕೇಳುವಂತೆ, "ನಿನ್ನೆ ಬಿಟ್ಟಿದ್ದು ಯಾವ ಪುಣ್ಯಾತ್ಮ ಸಾರ್?" ಎಂದ. ಗುರುಬಸಪ್ಪನವರು ಎಲೆಅಡಿಕೆಯನ್ನು ಇನ್ನೊಂದು ಕೆನ್ನೆಗೆ ತಳ್ಳಿ, "ನಾನೇ ಕಣಯ್ಯಾ. ವಯಸ್ಸಾಯ್ತು, ಮಂಡಿ ಬಗ್ಗಲ್ಲ," ಎಂದರು. ಮುನಿರಾಜು ಎದ್ದು ಬಂದು ಅವರ ಪಕ್ಕದಲ್ಲಿ ಕೂತು ಕೇಳಿದ: "ನಲವತ್ತೆಂಟರಲ್ಲಿ ಏನಾಯ್ತು ಅಂದ್ರಿ ಸಾರ್?"