ಬೆನ್ನಿಗೆ ಬೆನ್ನು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ಗುಡುಗುಡು ಎನ್ನುವ ಕೋಣೆಯ ಪಕ್ಕದಲ್ಲಿ ಅವಳ ಕೋಣೆ. ನೆಲಕ್ಕೆ ಮರದ ಹಲಗೆ, ಮೂಲೆಯಲ್ಲೊಂದು ದೊಡ್ಡ ಡೋಲು. ಬಾಗಿಲ ಮೇಲೆ ಸಂಗೀತ ಚಿಕಿತ್ಸೆ ಎಂದು ಬರೆದಿದ್ದರೂ ಒಳಗಿಂದ ಹಾಡು ಕೇಳಿಸುತ್ತಿದ್ದುದು ಅಪರೂಪ. ಚಿಕಿತ್ಸೆಗೆ ಬಂದ ಮಗುವಿನ ಬೆನ್ನಿಗೆ ಬೆನ್ನು ತಾಗಿಸಿ ಕೂತು, ಮೊದಲು ಅದರ ಉಸಿರು ಹಿಡಿಯುವಳು. ಅದು ಹೇಗೆ ಉಸಿರಾಡಿತೋ ತಾನೂ ಹಾಗೆ. ಎರಡೂ ಕೂಡಿದ ಮೇಲೆ ಎದೆಯಾಳದಿಂದ ಒಂದೇ ಸ್ವರ ಗುನುಗುವಳು. ಅದು ಕಿವಿಗಿಂತ ಮೊದಲು ಬೆನ್ನೆಲುಬಿಗೆ ಮುಟ್ಟಬೇಕು. ಆಮೇಲೆ ತನ್ನ ಉಸಿರನ್ನು ಚೂರುಚೂರೇ ನಿಧಾನಿಸುವಳು. ಮಗುವಿನ ಉಸಿರು ಹಿಂದೆಯೇ ಬರುತ್ತಿತ್ತು.

ಹೀಗಾಗಿ ಎಲ್ಲರಿಗೂ ಅವಳು ಗುನುಗಕ್ಕ. “ಊರ ಮಕ್ಕಳಿಗೆಲ್ಲ ಗುನುಗು, ಮನೆಗೆ ಬಂದ್ರೆ ಬರೀ ಗೊಣಗು” ಎಂದು ಗಂಡ ಕಿಚಾಯಿಸುತ್ತಿದ್ದ. ಅವಳು ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು.

ಅವಳ ಕೆಲಸದ ಕೊನೆಯ ವರ್ಷ ಪುಟ್ಟಿ ಬಂದಳು. ಏಳು ವರ್ಷದ ಹುಡುಗಿ; ಮಾತಿಲ್ಲ, ಮೈಯೆಲ್ಲ ಬಿಗಿ, ನಿದ್ದೆಯಲ್ಲೂ ಮುಷ್ಟಿ ಬಿಚ್ಚುತ್ತಿರಲಿಲ್ಲ. ಯಾರಾದರೂ ಮುಟ್ಟಿದರೆ, ಹೆತ್ತ ತಾಯಿಯೇ ಆದರೂ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳು. ತಿಂಗಳುಗಟ್ಟಲೆ ಕಾಯಿಸಿ ಗುನುಗಕ್ಕನ ಬೆನ್ನೊಂದನ್ನು ಮಾತ್ರ ಒಪ್ಪಿಕೊಂಡಳು. ಒಂದು ಮಧ್ಯಾಹ್ನ ಮುಷ್ಟಿ ಸಡಿಲವಾಗಿ ಹೆಬ್ಬೆರಳು ಹೊರಗೆ ಬಂತು. ತಾಯಿ ಬಾಗಿಲಲ್ಲೇ ಕೂತು ಅತ್ತಳು.

ಅಷ್ಟರಲ್ಲಿ ಗುನುಗಕ್ಕನ ಶ್ವಾಸಕೋಶ ಕೈಕೊಟ್ಟಿತ್ತು. ವೈದ್ಯರು ಕೆಲಸ ಬಿಡು ಎಂದಿದ್ದರು. ಪುಟ್ಟಿಯನ್ನು ಒಂದು ದಡ ಸೇರಿಸಿ ಆಮೇಲೆ ಬಿಡುತ್ತೇನೆಂದು ಅವಳು ದಿನ ದೂಡಿದಳು.

ಒಂದು ದಿನ ಆ ತಾಯಿ ಅಳುಕುತ್ತ ಬಾಯಿಬಿಟ್ಟಳು. “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವಳು ಮನೇಲಿ ಏದುಸಿರು ಬಿಡ್ತಾಳೆ. ಎದೆ ಚೆನ್ನಾಗೇ ಇದೆ ಅಂತಾರೆ ಡಾಕ್ಟ್ರು. ನಡುವೆ ಉಸಿರು ನಿಲ್ಲಿಸಿ ಸಣ್ಣಗೆ ಕೆಮ್ಮೋದು ಬೇರೆ. ಥೇಟ್ ನಿಮ್ಮ ಹಾಗೇ.”

ಗುನುಗಕ್ಕ ಪುಟ್ಟಿಯ ಎದೆಯ ಏರಿಳಿತವನ್ನೇ ನೋಡಿದಳು. ಮಗುವಿನ ಉಸಿರು ತನ್ನ ಹಿಡಿತದಲ್ಲಿದೆ ಎಂದುಕೊಂಡಿದ್ದಳು. ಮಗುವೇ ಅವಳ ಉಸಿರನ್ನು ಹಿಡಿದುಬಿಟ್ಟಿತ್ತು, ಕಾಯಿಲೆ ಸಮೇತ. ಬಿಟ್ಟು ಹೋದರೆ ಪುಟ್ಟಿಗೆ ಮತ್ತೆ ಗೋಡೆ. ಬಿಡದಿದ್ದರೆ ಈ ಏದುಸಿರು.

ಮಾರನೆಯ ದಿನ ಡೋಲನ್ನು ನಡುವೆ ಎಳೆದಳು. ಒಂದು ಮುಖಕ್ಕೆ ಪುಟ್ಟಿಯ ಬೆನ್ನು, ಇನ್ನೊಂದಕ್ಕೆ ತಾಯಿಯ ಬೆನ್ನು.

“ನಂಗೆ ಹಾಡೋಕೆ ಬರಲ್ಲ ಅಕ್ಕ.”

“ನಂಗೂ ಈಗ ಬರಲ್ಲ. ಕೂತ್ಕೋ.”

ತಾನು ದೂರ, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡಳು. ತಾಯಿಯ ಗುನುಗು ಒರಟು; ಡೋಲಿನ ಚರ್ಮ ಅದನ್ನೇ ಪುಟ್ಟಿಯ ಬೆನ್ನಿಗೆ ದಾಟಿಸಿತು. ಪುಟ್ಟಿ ಕತ್ತು ತಿರುಗಿಸಿ ಕಿಟಕಿಯ ಕಡೆ ನೋಡಿದಳು, ಎದ್ದು ಬಂದು ಕುರ್ಚಿಯ ಕಾಲು ಹಿಡಿದಳು. ಗುನುಗಕ್ಕ ಇಳಿಯಲಿಲ್ಲ. ಹುಡುಗಿ ಗೋಡೆಗೆ ಹೋಗಿ ತಲೆ ಬಡಿದಳು. ತಾಯಿ ಎದ್ದೋಡಿ ಅಂಗೈ ಅಡ್ಡ ಇಟ್ಟಳು. ದಿನವೂ ಇದೇ ಆಯಿತು. ಕುರ್ಚಿಯಲ್ಲಿ ಸುಮ್ಮನೆ ಕೂರುವಷ್ಟು ದಣಿವಿನ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

ಕೊನೆಗೊಂದು ದಿನ ಪುಟ್ಟಿ ತಾನಾಗಿ ಡೋಲಿಗೆ ಒರಗಿದಳು. ವಾರ ಕಳೆದ ಮೇಲೆ ಡೋಲನ್ನು ಸರಿಸಿದರು. ತಾಯಿ ಮಗಳ ಬೆನ್ನುಗಳ ನಡುವೆ ಏನೂ ಉಳಿಯಲಿಲ್ಲ. ಗುನುಗಕ್ಕ ಚೀಲ ಎತ್ತಿಕೊಂಡು ಮನೆಗೆ ಹೋದಳು, ಮತ್ತೆ ಬರಲಿಲ್ಲ.

ಅವಳು ತೀರಿಕೊಂಡ ಮೇಲೆ ಪುಟ್ಟಿಯ ತಾಯಿ ಮನೆಗೆ ಬಂದಳು. ಹುಡುಗಿ ಈಗ ಚೆನ್ನಾಗಿ ಉಸಿರಾಡುತ್ತಾಳೆ, ಅಕ್ಕನ ಹಾಗೇ ಕೆಮ್ಮುತ್ತಿದ್ದುದೂ ಹೋಯಿತು ಎಂದಳು.

“ಪೂರ್ತಿ ಹೋಯ್ತಾ?” ಎಂದು ಕೇಳಿದ ಗಂಡ.

“ಪೂರ್ತಿ ಹೋಯ್ತು, ಅಣ್ಣ.”

“ಒಳ್ಳೇದಾಯ್ತಮ್ಮ” ಎಂದು, ಹೆಂಡತಿ ಒರಗುತ್ತಿದ್ದ ಗೋಡೆಯ ಕಡೆ ತಿರುಗಿಕೊಂಡ.