ಬುರುಡೆದಾಸನ ಡಬ್ಬಿ

ಹುಣಸೆಹಣ್ಣು ಬಿಡಿಸುವಾಗ ಬೀಜವೊಂದು ಜಾರಿ ಪಾತ್ರೆಗೆ ಬಿದ್ದು ಟಣ್ ಎಂದರೆ ಈಗಲೂ ನನ್ನ ಕೈ ನಿಲ್ಲುತ್ತದೆ. ಆ ಸದ್ದಿನ ಬೆನ್ನಿಗೇ ಜಾವಗಲ್ಲಿನ ನಮ್ಮ ನಡುಮನೆ ಬರುತ್ತದೆ, ಸಾರಿಸಿದ ನೆಲದ ತಂಪು ಬರುತ್ತದೆ, ಕಂಬಕ್ಕೊರಗಿ ಕೂತ ಅಜ್ಜಿ ಬರುತ್ತಾಳೆ. ಆ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ನಡುಮನೆಯಿದ್ದ ಕಡೆ ಈಗ ಲಾರಿಗಳು ಓಡಾಡುತ್ತವೆ. ತಾವು ಒಂದು ನ್ಯಾಯಾಲಯದ ಮೇಲೆ ಹಾದು ಹೋಗುತ್ತಿದ್ದೇವೆಂದು ಅವಕ್ಕೇನು ಗೊತ್ತು.

ನ್ಯಾಯಾಲಯವೇ ಸರಿ. ಆರೋಪಿ ಯಾವತ್ತೂ ಒಬ್ಬನೇ: ಶಿವಣ್ಣ ಚಿಕ್ಕಪ್ಪ, ಅಜ್ಜಿಯ ಕಿರಿಮಗ, ಬಾಣಾವರದಿಂದ ಬೇಲೂರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಊರೆಲ್ಲ ಅವನನ್ನು ಬುರುಡೆದಾಸ ಎನ್ನುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥವನೊಬ್ಬ ಇದ್ದಿರಬೇಕು. ಸುಳ್ಳ ಎಂದರೆ ಬೈಗುಳ. ಸುಳ್ಳನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಬುರುಡೆದಾಸ ಹಾಗಲ್ಲ. ಅವನ ಬುರುಡೆಯಿಂದ ಅವನಿಗೆ ಲಾಭವಿಲ್ಲ, ಕೇಳಿದವರಿಗೆ ನಷ್ಟವಿಲ್ಲ. ಹಳೇಬೀಡಿನಲ್ಲಿ ಬಸ್ಸು ಹತ್ತಿದ ಬಿಳಿಯನೊಬ್ಬ ಚಿಕ್ಕಪ್ಪ ಊದಿದ ಸೀಟಿಗೆ ಮನಸೋತು, ತನ್ನ ದೇಶದ ರೈಲ್ವೆಗೇ ಬಾ ಎಂದು ಕರೆದಿದ್ದನಂತೆ. ಅವ್ವನ ಮುದ್ದೆ ಅಲ್ಲಿ ಸಿಗುವುದಿಲ್ಲವೆಂದು ಇವನೇ ಒಲ್ಲೆ ಎಂದನಂತೆ.

ಅಂಥ ಪ್ರತಿ ಬುರುಡೆಗೂ ಒಂದು ಹುಣಸೆಬೀಜ ಬಿಸ್ಕತ್ತಿನ ತಗಡಿನ ಡಬ್ಬಿಗೆ ಬೀಳಬೇಕೆಂಬುದು ನಮ್ಮ ಮನೆಯ ಕಾನೂನು. ತೀರ್ಪು ಅಜ್ಜಿಯದು, ಜಾರಿ ಮಾಡುವ ಕೆಲಸ ಐದನೇ ಕ್ಲಾಸಿನಲ್ಲಿದ್ದ ನನ್ನದು. ಬೀಜ ಹಾಕಿ, ಮುಚ್ಚಳ ಒತ್ತಿ, ಬೀದಿಗೆ ಕೇಳುವಂತೆ ಡಬ್ಬಿ ಕುಲುಕುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಆರೋಪಿಯೇ. ಡಬ್ಬಿ ತುಂಬುವ ದಿನ ಬೇಲೂರಿನಲ್ಲಿ ತನಗೆ ಸನ್ಮಾನ ಏರ್ಪಾಡಾಗಿದೆಯೆಂದೂ ಹೇಳಿದ್ದ. ಅದಕ್ಕೂ ಒಂದು ಬೀಜ ಬಿತ್ತು.

ಅವನ ರಜೆಯ ದಿನ ಒಂದು ಮಧ್ಯಾಹ್ನ, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೂತ. ಹಣೆಯಲ್ಲಿ ಬೆವರು. ಸಾರಿಗೆ ಖಾರ ಹೆಚ್ಚಾಯಿತೆಂದುಕೊಂಡೆವು.

“ಎದೆ ಮ್ಯಾಲೆ ಯಾರೋ ಹತ್ತಿ ಕೂತಂಗೈತೆ ಕಣವ್ವಾ. ಎಡಗೈ ಎತ್ತಕ್ಕಾಯ್ತಿಲ್ಲ.”

“ಯಾರ್ಲಾ ಕೂತಿರೋನು, ನಿನ್ ಬಿಳಿಯನಾ?” ಎಂದಳು ಅಜ್ಜಿ. “ಹಾಕೇ ಪುಟ್ಟಿ ಒಂದು.”

ಹಾಕಿದೆ. ಕುಲುಕಿದೆ. ಅಪ್ಪ ನಕ್ಕರು, ಅಮ್ಮ ನಕ್ಕಳು. ಅವನೂ ನಗಲು ನೋಡಿದ.

“ಇದೊಂದು ಹಾಕ್ಬ್ಯಾಡ ಕಣೇ” ಎಂದ ಮೆಲ್ಲಗೆ. ಆ ನ್ಯಾಯಾಲಯಕ್ಕೆ ಬಂದ ಮೊದಲ ಮೇಲ್ಮನವಿ ಅದು. ಅಷ್ಟರಲ್ಲಿ ಹಾಕಿಯಾಗಿತ್ತು.

ಕೈ ತೊಳೆದು ಹೋಗಿ ಚಾಪೆಯ ಮೇಲೆ ಮಲಗಿದ. ಸ್ವಲ್ಪ ಹೊತ್ತಿಗೆ ಅವನದೇ ಬಸ್ಸು ಮನೆಯ ಮುಂದೆ ಬಂತು. ರಜೆಯಲ್ಲಿದ್ದವನನ್ನು ರೇಗಿಸಲು ಡ್ರೈವರು ಎಂದಿನಂತೆ ಉದ್ದಕ್ಕೆ ಹಾರನ್ ಹೊಡೆದು, ಬೇಲೂರಿನ ಕಡೆ ಹೋದ. ಬೇಲೂರಿನಲ್ಲಿ ಆಸ್ಪತ್ರೆಯಿತ್ತು. ಬಸ್ಸಿನಲ್ಲಿ ಜಾಗವೂ ಇದ್ದಿರಬೇಕು. ಕಾಫಿಗೆ ಅವನನ್ನು ಎಬ್ಬಿಸಲು ಹೋದವಳು ನಾನು.

ಅವನ ತಿಥಿ ಕಳೆದ ಮಾರನೆಯ ದಿನ ಅಜ್ಜಿ ಡಬ್ಬಿ ತರಿಸಿಕೊಂಡಳು.

“ಅವತ್ತು ಹಾಕಿದ್ದು ತೆಗಿಯೇ. ಅದು ಬುರುಡೆ ಅಲ್ಲ.”

ಮುಚ್ಚಳ ತೆಗೆದೆ. ನೂರಾರು ಬೀಜ, ಎಲ್ಲಕ್ಕೂ ಒಂದೇ ಕಂದು, ಒಂದೇ ಹೊಳಪು. ನಾನೇ ಕುಲುಕಿ ಕಲೆಸಿಟ್ಟಿದ್ದೆ. ಕೈಗೆ ಸಿಕ್ಕಿದ್ದೊಂದನ್ನು ಅವಳ ಅಂಗೈಯಲ್ಲಿಟ್ಟೆ.

“ಇದೇನಾ? ಸರ್ಯಾಗಿ ನೋಡಿ ಹೇಳು.”

“ಇದೇ ಕಣಜ್ಜಿ.”

ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಸೀರೆ ಬದಲಾಯಿಸಿದಾಗಲೆಲ್ಲ ಬೀಜವೂ ಹೊಸ ಸೆರಗಿಗೆ ಹೋಗುತ್ತಿತ್ತು. ನಾನು ಹೇಳಿದ್ದು ಬುರುಡೆಯಲ್ಲ, ಸುಳ್ಳು. ಅದರಿಂದ ನನಗೆ ಲಾಭವಿತ್ತು, ಅವತ್ತಿನಿಂದ ನನ್ನ ಮುಖ ನೋಡದಿದ್ದ ಅವಳು ಮತ್ತೆ ನೋಡಿದಳು. ಡಬ್ಬಿ ಅಟ್ಟ ಸೇರಿತು. ಊಟದ ಹೊತ್ತಿನಲ್ಲಿ ನಮ್ಮ ಮನೆಯವರು ನಿಜವನ್ನಷ್ಟೇ ಆಡತೊಡಗಿದರು. ಬೇಗ ಎದ್ದು ಕೈ ತೊಳೆಯುತ್ತಿದ್ದರು.

ಕೆಲವು ವರ್ಷದ ಮೇಲೆ ಅಜ್ಜಿ ಹೋದಾಗ, ಮೈ ತೊಳೆಸಲು ಬಂದ ಹೆಂಗಸರು ಸೆರಗಿನ ಗಂಟು ಬಿಚ್ಚಿ ಇದೇನೆಂದು ಕೇಳಿದರು. ಅಮ್ಮ ನನ್ನ ಕಡೆ ನೋಡಿದಳು. ಚಿಕ್ಕಪ್ಪನದು ಎಂದೆ, ಎರಡನೆಯ ಸಲ. ಅವರು ಅದನ್ನು ಹೊಸ ಸೀರೆಯ ಸೆರಗಿಗೆ ಕಟ್ಟಿ, ಗಂಟು ಬಿಗಿ ಮಾಡಿದರು.