ಚುಕ್ಕಿ ಬಿದ್ದುಹೋದ ಪ್ಯಾಂಟು

ಟೈಲರ್ ಅಂಗಡಿಯ ಸೊಸೆಗೆ ಹೊಲಿಗೆ ಬರುತ್ತಿರಲಿಲ್ಲ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬರುತ್ತಿತ್ತು. ಮಾವನಿಗೆ ಅದರ ಮೇಲೆ ಕವಡೆಯಷ್ಟೂ ನಂಬಿಕೆಯಿರಲಿಲ್ಲ. ಗಿರಾಕಿಗಳು ಫೋನಿಗೆ ಕಳಿಸುವ ಅಳತೆಗಳನ್ನು ಚೀಟಿಗೆ ಇಳಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಜನ ಅಳತೆಗಿಂತ ಅಲಂಕಾರವನ್ನೇ ಹೆಚ್ಚು ಕಳಿಸುತ್ತಿದ್ದರು: ಉದ್ದದ ಮುಂದೆ ಮೂರು ಆಶ್ಚರ್ಯಸೂಚಕ, ಸೊಂಟದ ಸುತ್ತ ಆವರಣ, ತೋಳಿನ ಕೊನೆಗೆ ಕಣ್ಣು ಹೊಡೆಯುವ ಅರ್ಧವಿರಾಮ. ಒಂದೊಂದನ್ನೇ ಹೆಕ್ಕಿ ಹೆಕ್ಕಿ ಸಾಕಾಗಿ, ಚಿಹ್ನೆಗಳನ್ನೆಲ್ಲ ಒಂದೇ ಏಟಿಗೆ ಗುಡಿಸಿಹಾಕುವ ಒಂದು ಸಾಲಿನ ಪ್ರೋಗ್ರಾಂ ಬರೆದಳು. ಅಕ್ಷರ, ಅಂಕಿ ಮಾತ್ರ ಉಳಿದ ಚೀಟಿ ತಾನಾಗಿ ಪ್ರಿಂಟ್ ಆಗಿ ಮಾವನ ಕತ್ತರಿಯ ಪಕ್ಕ ಬೀಳುತ್ತಿತ್ತು.

ಮಾವ ಒಂದು ವಾರದ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಒಂದು ಬಟ್ಟೆ ಕೆಟ್ಟರೂ ಕಂಪ್ಯೂಟರ್ ಮೂಟೆ ಕಟ್ಟಬೇಕು, ಸೊಸೆ ಗುಂಡಿ ಹೊಲಿಯಲು ಕೂರಬೇಕು. ಗುಂಡಿ ಎಂದರೆ ಅವಳಿಗೆ ಬೆರಳ ತುಂಬ ಸೂಜಿಗಾಯ.

ಮೊದಲಿಗೆ ಬಂದ ಅಳತೆಗಳೆಲ್ಲ ಪೂರ್ಣ ಇಂಚುಗಳೇ. ಕೆಲಸ ಸುಸೂತ್ರವಾಗಿ ಸಾಗಿತು. ವಾರದ ಕೊನೆಗೆ ಬ್ಯಾಂಕ್ ಮ್ಯಾನೇಜರು ತಮ್ಮ ಸೊಂಟ 34.5 ಎಂದು ಬರೆದು ಕಳಿಸಿದರು. ಪ್ರೋಗ್ರಾಂ ಚುಕ್ಕಿಯನ್ನೂ ಗುಡಿಸಿತು. ಚೀಟಿಯಲ್ಲಿ 345 ಎಂದು ಬಂತು.

ಬೇರೆಯವರಾಗಿದ್ದರೆ ಕೇಳುತ್ತಿದ್ದರು. ಚೀಟಿಯಲ್ಲಿದ್ದಷ್ಟು ಕತ್ತರಿಸು, ಬಾಯಿ ಹಾಕಬೇಡ ಎಂಬುದು ಮಾವನ ಕಸುಬಿನ ಧರ್ಮ. ಅಂದು ಆ ಧರ್ಮ ಅವರಿಗೆ ವಿಶೇಷವಾಗಿ ಹಿತವೆನಿಸಿತು. ಸೊಂಟದ ಪಟ್ಟಿಗೆಂದು ಬಟ್ಟೆಯ ಹೊಸ ಥಾನು ಬಿಚ್ಚಿದರು. ಮೇಜು ಮುಗಿಯಿತು, ಬಟ್ಟೆ ಬಾಗಿಲು ದಾಟಿತು, ಪಕ್ಕದ ಕ್ಷೌರದಂಗಡಿಯ ಮೆಟ್ಟಿಲು ಮುಟ್ಟಿತು. ಕ್ಷೌರಿಕ ಅರ್ಧ ಬೋಳಿಸಿದ ಗಲ್ಲವೊಂದನ್ನು ಒಳಗೇ ಬಿಟ್ಟು ಬಂದು, ಇದು ಯಾರ ಪ್ಯಾಂಟು ಎಂದು ವಿಚಾರಿಸಿದ.

"ಮ್ಯಾನೇಜರದು. ಊಟ ಜೋರು ಅಂತ ಕಾಣತ್ತೆ," ಎಂದರು ಮಾವ, ತಲೆ ಎತ್ತದೆ.

ಸೊಸೆ ಬಂದು ನೋಡುವಷ್ಟರಲ್ಲಿ ಥಾನು ಉದ್ದಕ್ಕೂ ಪಟ್ಟಿಯಾಗಿ ಸೀಳಿಹೋಗಿತ್ತು. ಚುಕ್ಕಿ ಹಾರಿಸಿದ್ದು ತಾನೇ ಎಂದು ಒಪ್ಪಿಕೊಂಡಳು. ಮಾವ ಗುಂಡಿಯ ಡಬ್ಬಿಯನ್ನು ಅವಳತ್ತ ಸರಿಸಿದರು.

ಆಗ ಒಳಗಿನಿಂದ ಅತ್ತೆ ಬಂದರು. ಅಂಗಡಿ ಅವರ ಹೆಸರಿನಲ್ಲಿತ್ತು; ಥಾನು ಆರಿಸಿ ತಂದದ್ದೂ ಅವರೇ.

"ಅದು ಮಿಷಿನ್ನು, ಅದಕ್ಕೆ ಕಣ್ಣಿಲ್ಲ. ನಿಮಗೇನಾಗಿತ್ರೀ? ಆ ಮ್ಯಾನೇಜರ ಮದುವೆ ಕೋಟು ಹೊಲಿದಿದ್ದೂ ನೀವೇ ಅಲ್ವಾ?"

ಮಾವ ಚೀಟಿ ಮುಂದೆ ಹಿಡಿದು, ಇದರಲ್ಲಿ ಹಾಗೇ ಇತ್ತು ಎಂದರು.

"ಬಾವಿಗೆ ಬೀಳಿ ಅಂತ ಚೀಟೀಲಿ ಬಂದ್ರೆ?"

ಬಾವಿಯ ಆಳ ಕೇಳಬೇಕೆಂದುಕೊಂಡವರಂತೆ ಬಾಯಿ ತೆರೆದ ಮಾವ, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು.

ಅಂಕಿಗಳ ನಡುವಿನ ಚುಕ್ಕಿಯನ್ನು ಮುಟ್ಟದಂತೆ ಸೊಸೆ ಅಲ್ಲೇ ಕೂತು ಪ್ರೋಗ್ರಾಂ ತಿದ್ದಿದಳು. ಅತ್ತೆಯ ತೀರ್ಪೂ ಅಲ್ಲೇ ಆಯಿತು: ಕಂಪ್ಯೂಟರ್ ಇರಲಿ, ಕತ್ತರಿ ಆಡಿಸುವ ಮೊದಲು ಮಾವ ಅಳತೆಯನ್ನು ಗಟ್ಟಿಯಾಗಿ ಓದಬೇಕು, ಸೊಸೆ ಹೂಂ ಅನ್ನಬೇಕು.

ಮಾವನದು ಕಂಚಿನ ಕಂಠ. ಈಗ ಬೀದಿಗೆಲ್ಲ ಎಲ್ಲರ ಸೊಂಟ ಗೊತ್ತು. ಗಿರಾಕಿಗಳು ಒಂದೆರಡು ಇಂಚು ಕಡಿಮೆಯೇ ಬರೆದು ಕಳಿಸತೊಡಗಿದ್ದಾರೆ. ಅದಕ್ಕೆ ಸೊಸೆಯ ಬಳಿ ಇನ್ನೂ ಯಾವ ಪ್ರೋಗ್ರಾಮೂ ಇಲ್ಲ.